ಚಿನ್ನದ ಗಣಿಯ ಬಾಡಿಗೆದಾರರು

ಎರಡು ತಿಂಗಳು ಕಾದರೂ ಯಂತ್ರ ಒಂದನ್ನೂ ಎಣಿಸಲಿಲ್ಲ.

1960ರ ದಶಕದ ಆರಂಭದ ಮಾತು. ಕೋಲಾರ ಚಿನ್ನದ ಗಣಿಯಲ್ಲಿ, ನೆಲಮಟ್ಟದಿಂದ ಸುಮಾರು 2,760 ಮೀಟರ್ ಕೆಳಗೆ, ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಕಣಗಳನ್ನು ಎಣಿಸುವ ಯಂತ್ರ ಹೂಡಿ ಕೂತಿದ್ದರು. ಮೇಲಿನ ಲೆವೆಲ್‌ಗಳಲ್ಲಿ ಅದೇ ಯಂತ್ರ ಚೆನ್ನಾಗಿ ಎಣಿಸಿತ್ತು. ಇಳಿದಷ್ಟೂ ಲೆಕ್ಕ ಕಮ್ಮಿಯಾಗುತ್ತ ಬಂದು ಇಲ್ಲಿ ಪೂರ್ತಿ ಸೊನ್ನೆ. ಬೇರೆ ಪ್ರಯೋಗವಾಗಿದ್ದರೆ ಸಲಕರಣೆ ಗಂಟುಕಟ್ಟಿ ಮನೆಗೆ ಹೋಗಬೇಕಿತ್ತು. ಇವರಿಗೆ ಆ ಸೊನ್ನೆಯೇ ನಿಧಿಯಾಗಿ ಕಂಡಿತು.

ಏಕೆ ಎಂದು ತಿಳಿಯಲು ಗಣಿಗಿಳಿಯುವುದು ಬೇಡ, ಮನೆಯ ಅಂಗಳ ಸಾಕು. ಬಿಸಿಲಿಗೆ ಅಂಗೈ ಚಾಚಿ ನಿಂತರೆ ಸುಮಾರಾಗಿ ಸೆಕೆಂಡಿಗೆ ಒಂದರಂತೆ ಮ್ಯೂಆನ್ ಎಂಬ ಕಣ ಕೈಯನ್ನು ತೂರಿಕೊಂಡು ಹೋಗುತ್ತದೆ. ಬಾಹ್ಯಾಕಾಶದಿಂದ ಬರುವ ವಿಶ್ವಕಿರಣಗಳು ವಾತಾವರಣದ ಮೇಲ್ಪದರಕ್ಕೆ ಬಡಿದಾಗ ಹುಟ್ಟುವ ಕಣಗಳು ಇವು. ಮಳೆಯಂತೆ ಹಗಲೂ ರಾತ್ರಿ ಸುರಿಯುತ್ತವೆ. ಸೂರು, ಗೋಡೆ ಯಾವುದನ್ನೂ ಲೆಕ್ಕಿಸುವುದಿಲ್ಲ. ಈ ಸದ್ದಿನ ನಡುವೆ ಪ್ರಕೃತಿಯ ಅತಿ ಮೆಲ್ಲನೆಯ ಪಿಸುಮಾತು ಕೇಳಬೇಕೆಂದರೆ ಮಳೆ ತೂರದ ಕಡೆ ಹೋಗಿ ಕೂರಬೇಕು. ಅಂಥ ಜಾಗ ಕೋಲಾರದಲ್ಲಿ ತಯಾರಾಗಿಯೇ ಇತ್ತು. ತೋಡಿದವರು ಬೇರೆ ಕಾರಣಕ್ಕೆ ತೋಡಿದ್ದರು, ಅಷ್ಟೆ.

ಆ ಕಾರಣದ ಕತೆ ಬಹಳ ಜನಕ್ಕೆ ಗೊತ್ತು. ಟಿಪ್ಪುವಿನ ಪತನದ ನಂತರ ಮೈಸೂರಿನ ಗಡಿ ಅಳೆಯಲು ಬಂದ ಲೆಫ್ಟಿನೆಂಟ್ ಜಾನ್ ವಾರನ್ 1802ರಲ್ಲಿ ಇಲ್ಲಿ ಚಿನ್ನದ ಸುಳಿವು ಹಿಡಿದ. ಬಹುಮಾನದ ಆಸೆ ಹುಟ್ಟಿಸಿ ಊರವರಿಂದ ಮಣ್ಣು ತರಿಸಿ, ಅವರು ಅದನ್ನು ತೊಳೆದು ಚಿನ್ನದ ಕಣ ತೆಗೆಯುವುದನ್ನು ಕಣ್ಣಾರೆ ಕಂಡ. ಎಪ್ಪತ್ತು ವರ್ಷದ ಮೇಲೆ ಆ ವರದಿ ಓದಿದ ಐರಿಷ್ ಸೈನಿಕ ಲಾವೆಲ್ ಮೈಸೂರು ಸರ್ಕಾರದಿಂದ ಪರವಾನಗಿ ಪಡೆದ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಬಂದ ಮೇಲೆ ಗಣಿ ನಿಜವಾಗಿ ಬೆಳೆಯಿತು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ತಂತಿ ಎಳೆದಾಗ ಅದು ಮೊದಲು ಬಂದದ್ದು ಇಲ್ಲಿಗೇ, ಬೆಂಗಳೂರಿಗೆ ದೀಪ ಬಂದದ್ದು ಮೂರು ವರ್ಷ ತಡವಾಗಿ. ಚಿನ್ನದ ಎಳೆ ಇಳಿಜಾರಾಗಿ ಕೆಳಗೆ ಓಡಿದಂತೆಲ್ಲ ಗಣಿಯೂ ಅದರ ಬೆನ್ನುಹತ್ತಿ ಇಳಿಯಿತು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರನ್ನೂ ದಾಟಿ ಪ್ರಪಂಚದ ಅತಿ ಆಳದ ಗಣಿಗಳ ಸಾಲಿಗೆ ಸೇರಿತು.

ಆ ತಳದಲ್ಲಿ ಬಂಡೆಯ ಬಿಸಿ 60 ಡಿಗ್ರಿ ಸೆಲ್ಸಿಯಸ್ ಮೀರುತ್ತಿತ್ತು. ಬರಿಗೈ ಇಟ್ಟರೆ ಹಿಂತೆಗೆಯಬೇಕು. ಮೇಲಿನ ಭಾರಕ್ಕೆ ಬಂಡೆ ಇದ್ದಕ್ಕಿದ್ದಂತೆ ಸಿಡಿಯುವುದಿತ್ತು. ಗಣಿಯವರ ಬಾಯಲ್ಲಿ ಅದು ‘ರಾಕ್ ಬರ್ಸ್ಟ್’. ದೂಳು ಕುಡಿದ ಶ್ವಾಸಕೋಶಕ್ಕೆ ಸಿಲಿಕೋಸಿಸ್. ಉತ್ತರ ಆರ್ಕಾಟ್, ಚಿತ್ತೂರು ಸೀಮೆಗಳಿಂದ ಬಂದ, ಹೆಚ್ಚಿನವರು ದಲಿತರಾದ ತಮಿಳು, ತೆಲುಗು ಮಾತಿನ ಕೂಲಿಗಳು ಈ ಆಳವನ್ನು ತೋಡಿದವರು. ವಿಜ್ಞಾನಿಗಳು ಬಂದಾಗ ಕೇಜಿನಲ್ಲಿ ಅವರನ್ನು ಇಳಿಸಿದ, ಸೀಸದ ಹಲಗೆ ಕೆಳಗೆ ಮುಟ್ಟಿಸಿದ ಕೈಗಳೂ ಇವರವೇ. ಸಂಶೋಧನಾ ಪ್ರಬಂಧಗಳ ತಲೆಪಟ್ಟಿಯಲ್ಲಿ ಅವರ ಹೆಸರಿಲ್ಲ. ಪ್ರಬಂಧಗಳ ರಿವಾಜೇ ಹಾಗೆ. ಆದರೂ ಚರಿತ್ರೆ ಬರೆಯುವವರು ಆ ರಿವಾಜನ್ನು ಪಾಲಿಸಬೇಕಾಗಿಲ್ಲ.

ಗಣಿಗೂ ಭೌತವಿಜ್ಞಾನಕ್ಕೂ ನಂಟು ಬೆಸೆದವರು ಹೋಮಿ ಭಾಭಾ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಶ್ವಕಿರಣದ ಕೆಲಸ ಶುರುಮಾಡಿದ್ದ ಅವರಿಗೆ ನೂರು ಕಿಲೋಮೀಟರ್ ಆಚೆಯ ಈ ಗುಂಡಿಯ ಬೆಲೆ ಗೊತ್ತಿತ್ತು. 1951ರಲ್ಲಿ ಅವರು ಗಣಿಗೆ ಕಳಿಸಿದ್ದು ಬಿ.ವಿ. ಶ್ರೀಕಂಠನ್ ಎಂಬ ತರುಣನನ್ನು. ನಂಜನಗೂಡಿನ ಕಡೆಯವರು, ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಓದಿದವರು. ಆಳಕ್ಕೆ ಹೋದಂತೆ ಮ್ಯೂಆನ್‌ಗಳು ಎಷ್ಟು ಕಮ್ಮಿಯಾಗುತ್ತವೆ ಎಂದು ಅಳೆಯುವುದು ಅವರಿಗೆ ಒಪ್ಪಿಸಿದ ಕೆಲಸ. ಆಮೇಲೆ ಓಸಾಕ ಸಿಟಿ ವಿಶ್ವವಿದ್ಯಾಲಯದ ಎಸ್. ಮಿಯಾಕೆ, ಟಾಟಾ ಸಂಸ್ಥೆಯ ವಿ.ಎಸ್. ನರಸಿಂಹಂ ಮತ್ತು ಪಿ.ವಿ. ರಮಣಮೂರ್ತಿ ಅದೇ ಲೆಕ್ಕವನ್ನು ಇನ್ನೂ ಕೆಳಕ್ಕೆ ಒಯ್ದರು. ಮೊದಲು ಹೇಳಿದ ಸೊನ್ನೆ ಸಿಕ್ಕಿದ್ದು ಇವರಿಗೆ.

ಸೊನ್ನೆ ಸಿಕ್ಕಿದ ಮೇಲೆ ಮುಂದಿನ ಯೋಚನೆ ತಾನಾಗಿ ಬಂತು. ಮ್ಯೂಆನ್ ತಲುಪದ ಜಾಗವನ್ನೂ ತಲುಪುವ ಕಣ ಒಂದಿದೆ: ನ್ಯೂಟ್ರಿನೊ. 1930ರಲ್ಲಿ ವುಲ್ಫ್‌ಗಾಂಗ್ ಪೌಲಿ ಲೆಕ್ಕ ಸರಿದೂಗಿಸಲು ಊಹಿಸಿದ ಈ ಕಣವನ್ನು 1956ರಲ್ಲಿ ಫ್ರೆಡರಿಕ್ ರೈನ್ಸ್ ಮತ್ತು ಕ್ಲೈಡ್ ಕೋವನ್ ಅಮೆರಿಕದ ಅಣುಸ್ಥಾವರವೊಂದರ ಬಳಿ ಹಿಡಿದು ತೋರಿಸಿದ್ದರು. ಸೂರ್ಯನಿಂದ ಹೊರಟ ನ್ಯೂಟ್ರಿನೊಗಳು ಹೆಬ್ಬೆರಳ ಉಗುರಿನಷ್ಟು ಜಾಗದಲ್ಲಿ ಸೆಕೆಂಡಿಗೆ ಸುಮಾರು 6,500 ಕೋಟಿ ದಾಟಿ ಹೋಗುತ್ತವೆ. ನಮಗೆ ಏನೂ ತಿಳಿಯುವುದಿಲ್ಲ. ಇಡೀ ಭೂಮಿ ಅವಕ್ಕೆ ತೆರೆದ ಬಾಗಿಲು. ವಿಶ್ವಕಿರಣಗಳು ಗಾಳಿಗೆ ಬಡಿದಾಗಲೂ ನ್ಯೂಟ್ರಿನೊ ಹುಟ್ಟಬೇಕು ಎಂದು ಲೆಕ್ಕ ಹೇಳುತ್ತಿತ್ತು. ಅದನ್ನು ಕಂಡವರು ಮಾತ್ರ ಇರಲಿಲ್ಲ.

ಕಾಣುವ ಉಪಾಯ ಸರಳವಾಗಿತ್ತು. ಇಷ್ಟು ಆಳಕ್ಕೆ ಅಪ್ಪಿತಪ್ಪಿ ಇಳಿಯುವ ಮ್ಯೂಆನ್ ನೆತ್ತಿಯ ಮೇಲಿನಿಂದಲೇ ಬರಬೇಕು, ಏಕೆಂದರೆ ಅದೇ ಹತ್ತಿರದ ದಾರಿ. ಅಡ್ಡ ದಿಕ್ಕಿನಿಂದ ಬರಬೇಕಾದರೆ ನೂರಾರು ಕಿಲೋಮೀಟರ್ ಬಂಡೆ ದಾಟಬೇಕು, ಅದು ಆಗದ ಮಾತು. ಆದ್ದರಿಂದ ಅಡ್ಡಡ್ಡ ಓಡುವ ಮ್ಯೂಆನ್ ಒಂದು ಕಂಡರೆ, ಪಕ್ಕದ ಬಂಡೆಯೊಳಗೆ ನ್ಯೂಟ್ರಿನೊ ಒಂದು ಡಿಕ್ಕಿ ಹೊಡೆದು ಅದನ್ನು ಹುಟ್ಟಿಸಿತು ಎಂದೇ ಅರ್ಥ. ಹೀಗಾಗಿ ಚಾಂಪಿಯನ್ ರೀಫ್‌ನ ಹೀತ್‌ಕೋಟ್ ಶಾಫ್ಟ್ ಬಳಿ, 2.3 ಕಿಲೋಮೀಟರ್ ಆಳದ ಸುರಂಗದಲ್ಲಿ, ಎದುರುಬದುರು ಎರಡು ಗೋಡೆಗಳಂತೆ ಯಂತ್ರ ನಿಲ್ಲಿಸಿದರು. ಕಣ ತಾಗಿದರೆ ಮಿನುಗುವ ಪ್ಲಾಸ್ಟಿಕ್ ಹಲಗೆಗಳು ಹೊರಗೆ. ನಡುವೆ ಸೀಸದ ಗೋಡೆ ಮತ್ತು ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯದಿಂದ ಬಂದ ಗಾಜಿನ ಕೊಳವೆಗಳು. ಎರಡು ಮೀಟರ್ ಉದ್ದ, ಹೆಬ್ಬೆರಳ ದಪ್ಪ, ಒಳಗೆ ನಿಯಾನ್ ಅನಿಲ. ಎರಡು ಕಡೆಯ ಹಲಗೆಗಳೂ ಒಟ್ಟಿಗೆ ಮಿನುಗಿದ ಕ್ಷಣ ಹೆಚ್ಚಿನ ವೋಲ್ಟೇಜ್ ಹಾಯುತ್ತದೆ. ಕಣ ಹಾದುಹೋದ ಕೊಳವೆಗಳು ಮಾತ್ರ ಕೆಂಪಗೆ ಬೆಳಗುತ್ತವೆ. ಕತ್ತಲಲ್ಲಿ ಕಾದಿರುವ ಕ್ಯಾಮೆರಾ ಅದನ್ನು ಹಿಡಿಯುತ್ತದೆ. ಫಿಲ್ಮ್ ತೊಳೆದು ನೋಡಿದರೆ ಕಪ್ಪು ಹಿನ್ನೆಲೆಯಲ್ಲಿ ಕೆಲವು ಚುಕ್ಕಿ. ನಮ್ಮ ಹೆಣ್ಣುಮಕ್ಕಳು ರಂಗೋಲಿಯ ಚುಕ್ಕಿ ಸೇರಿಸುವಂತೆ ಅವನ್ನು ಗೆರೆಯಿಂದ ಸೇರಿಸಿದರೆ ಕಣ ಬಂದ ದಾರಿ.

ಕೆಲಸದ ಮುಂದಾಳು ಎಂ.ಜಿ.ಕೆ. ಮೆನನ್, ಹುಟ್ಟಿದ್ದು ಮಂಗಳೂರಿನಲ್ಲಿ. ಟಾಟಾ ಸಂಸ್ಥೆ, ಓಸಾಕ, ಡರ್ಹಮ್ ಮೂವರೂ ಕೂಡಿದ ತಂಡ. ಅದೇ ಹೊತ್ತಿಗೆ ದಕ್ಷಿಣ ಆಫ್ರಿಕದ ಜೊಹಾನ್ಸ್‌ಬರ್ಗ್ ಬಳಿಯ ಮತ್ತೊಂದು ಚಿನ್ನದ ಗಣಿಯಲ್ಲಿ, ಹಿಂದೆ ಹೇಳಿದ ರೈನ್ಸ್ ಅವರೇ ಇದೇ ಬೇಟೆಗೆ ಕೂತಿದ್ದರು. ರೈನ್ಸ್ ಯಂತ್ರಕ್ಕೆ ಮೊದಲ ಗುರುತು ಬಿದ್ದದ್ದು 1965ರ ಫೆಬ್ರವರಿ 23ರಂದು, ಕೋಲಾರಕ್ಕಿಂತ ಮುಂಚೆ. ಅಚ್ಚಿನಲ್ಲಿ ಮಾತ್ರ ಕೋಲಾರ ಮುಂದು: ಇವರ ಪ್ರಬಂಧ ಆಗಸ್ಟ್ 15ರ ಸಂಚಿಕೆಯಲ್ಲಿ, ಅವರದು ಆಗಸ್ಟ್ 30ರದರಲ್ಲಿ. ಯಾರು ಮೊದಲು ಎಂಬ ಜಗಳವನ್ನು ಅಭಿಮಾನಿಗಳಿಗೆ ಬಿಡಬಹುದು. ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊವನ್ನು ಮನುಷ್ಯ ಮೊದಲು ಕಂಡ ಎರಡು ಜಾಗಗಳಲ್ಲಿ ಒಂದು ಕೋಲಾರ ಎಂಬುದರಲ್ಲಿ ತಕರಾರಿಲ್ಲ. ಮುಂದೆ ನಾಲ್ಕು ವರ್ಷ ಇನ್ನಷ್ಟು ಯಂತ್ರ ಹೂಡಿ ಕಾದರೂ ಇಲ್ಲಿ ಸಿಕ್ಕ ನ್ಯೂಟ್ರಿನೊ ಗುರುತುಗಳು ಎರಡು ಡಜನ್ ದಾಟಲಿಲ್ಲ. ಆ ತಾಳ್ಮೆಗೆ ಏನು ಹೆಸರಿಡಬೇಕೋ.

ನಡುವೆ ಒಂದು ವಿಚಿತ್ರವೂ ನಡೆಯಿತು. ಕೆಲವು ಚಿತ್ರಗಳಲ್ಲಿ ಎರಡು ಮೂರು ಗೆರೆಗಳು ಗಟ್ಟಿ ವಸ್ತುವೇ ಇಲ್ಲದ ಕಡೆ, ಬಂಡೆಗೂ ಯಂತ್ರಕ್ಕೂ ನಡುವಿನ ಗಾಳಿಯಲ್ಲಿ ಒಂದೇ ಬಿಂದುವಿನಿಂದ ಹೊರಟಂತೆ ಕಂಡವು. ಹೊಸ ಕಣವೊಂದು ಅಲ್ಲಿ ಸಿಡಿಯಿತೇ? 1975ರಲ್ಲಿ ಪ್ರಕಟವಾದ ಇವು ‘ಕೋಲಾರ ಘಟನೆಗಳು’ ಎಂದೇ ಹೆಸರಾದವು. ಬೇರೆಲ್ಲೂ ಮರುಕಳಿಸಲಿಲ್ಲ. ಸುಮಾರು ನಾಲ್ಕು ದಶಕದ ಮೇಲೆ ಚೆನ್ನೈನ ಇಬ್ಬರು ವಿಜ್ಞಾನಿಗಳು ಇವು ಕಪ್ಪುದ್ರವ್ಯದ ಕುರುಹಾಗಿರಬಹುದೇ ಎಂದು ಮತ್ತೆ ಕೇಳಿದ್ದುಂಟು. ಕಡತ ಇನ್ನೂ ಮುಚ್ಚಿಲ್ಲ.

ಇಷ್ಟಾದರೂ ಗಣಿ ಕೇಳಿದ ದೊಡ್ಡ ಪ್ರಶ್ನೆ ಇನ್ನೂ ಮುಂದಿತ್ತು. ಅದು ಬಹಳ ಹಳೆಯ ಪ್ರಶ್ನೆ: ವಸ್ತು ನಿತ್ಯವೇ?

ಕಣಾದನ ವೈಶೇಷಿಕ ದರ್ಶನ ಹೌದೆನ್ನುತ್ತದೆ. ಮಡಕೆ ಒಡೆಯುತ್ತದೆ, ಚೂರು ಪುಡಿಯಾಗುತ್ತದೆ, ಆದರೆ ಕೊನೆಯ ಪರಮಾಣು ಒಡೆಯದು, ಅಳಿಯದು. ಜೈನರ ಪುದ್ಗಲ ಪರಮಾಣುವಿಗೂ ನಾಶವಿಲ್ಲ. ಎಲ್ಲವೂ ಕ್ಷಣಿಕ ಎಂದ ಬೌದ್ಧರು ಒಪ್ಪಲಿಲ್ಲ. ಶಂಕರರು ಬ್ರಹ್ಮಸೂತ್ರ ಭಾಷ್ಯದ ಎರಡನೆಯ ಅಧ್ಯಾಯದಲ್ಲಿ ವೈಶೇಷಿಕರನ್ನು ಹಿಡಿದುಕೊಂಡದ್ದು ಇಲ್ಲೇ: ಬಣ್ಣ, ರುಚಿ ಮುಂತಾದ ಗುಣವುಳ್ಳದ್ದೆಲ್ಲ ಸ್ಥೂಲವಾಗಿಯೂ ಅನಿತ್ಯವಾಗಿಯೂ ಇರುವುದನ್ನು ಕಾಣುತ್ತೇವೆ, ಗುಣವುಳ್ಳ ನಿಮ್ಮ ಪರಮಾಣು ಮಾತ್ರ ನಿತ್ಯ ಹೇಗಾದೀತು? ಎರಡೂ ಕಡೆ ತರ್ಕಕ್ಕೆ ಬರವಿರಲಿಲ್ಲ. ತೂಗಿ ನೋಡಲು ತಕ್ಕಡಿ ಇರಲಿಲ್ಲ. ಕಣಾದನ ಪರಮಾಣುವೇ ಇಂದಿನ ಪ್ರೋಟಾನ್ ಎಂದು ಯಾರೂ ಹಿಗ್ಗಬೇಕಾಗಿಲ್ಲ, ಎರಡೂ ಬೇರೆ. ಪ್ರಶ್ನೆಯ ಬೇರು ಮಾತ್ರ ಒಂದೇ.

ಇಪ್ಪತ್ತನೆಯ ಶತಮಾನದಲ್ಲಿ ನಿತ್ಯತ್ವದ ಪಟ್ಟ ಪ್ರೋಟಾನಿಗೆ ಬಂದಿತ್ತು. ಪ್ರತಿಯೊಂದು ಪರಮಾಣುವಿನ ನಡುವೆಯೂ ಇರುವ ಈ ಕಣ ಸತ್ತದ್ದನ್ನು ಯಾರೂ ಕಂಡಿರಲಿಲ್ಲ. ಅದರ ಆಯಸ್ಸು ಬಹಳ ದೊಡ್ಡದು ಎಂಬುದಕ್ಕೆ ನಮ್ಮ ಮೈಯೇ ಸಾಕ್ಷಿ ಎಂದು ಮಾರಿಸ್ ಗೋಲ್ಡ್‌ಹಾಬರ್ ಎಂಬ ಭೌತವಿಜ್ಞಾನಿ ತಮಾಷೆಯಾಗಿ ತೋರಿಸಿದ್ದರು: ಪ್ರೋಟಾನ್‌ಗಳು ಬೇಗ ಸಾಯುವಂತಿದ್ದರೆ ನಮ್ಮ ಮೂಳೆಯೊಳಗಿನ ವಿಕಿರಣವೇ ನಮ್ಮನ್ನು ಕೊಂದುಹಾಕುತ್ತಿತ್ತು. 1970ರ ದಶಕದಲ್ಲಿ ಮಾತು ತಿರುಗಿತು. ಒಡಿಶಾ ಮೂಲದ ಜೋಗೇಶ್ ಪತಿ ಮತ್ತು ಅಬ್ದುಸ್ ಸಲಾಂ, ಅವರ ಹಿಂದೆಯೇ ಹಾರ್ವರ್ಡಿನ ಜಾರ್ಜಿ ಮತ್ತು ಗ್ಲಾಶೋ, ಗುರುತ್ವ ಬಿಟ್ಟು ಪ್ರಕೃತಿಯ ಮಿಕ್ಕ ಬಲಗಳನ್ನು ಒಂದೇ ಸೂತ್ರದಲ್ಲಿ ಕಟ್ಟಹೊರಟಾಗ ಪ್ರೋಟಾನ್ ಎಂದಾದರೊಂದು ದಿನ ಸಾಯಲೇಬೇಕು ಎಂಬ ಫಲ ಬಂತು. ಆಯಸ್ಸು ಹೆಚ್ಚುಕಡಿಮೆ ಒಂದರ ಮುಂದೆ 30 ಅಥವಾ 31 ಸೊನ್ನೆಯಷ್ಟು ವರ್ಷ. ವಿಶ್ವದ ವಯಸ್ಸೇ 1,380 ಕೋಟಿ ವರ್ಷ; ಅದಕ್ಕೆ ಹನ್ನೊಂದು ಅಂಕಿ ಸಾಕು.

ಇಷ್ಟು ವರ್ಷ ಕಾಯುವವರು ಯಾರು? ಕಾಯಬೇಕಿಲ್ಲ, ಗುಂಪು ಕೂಡಿಸಿದರೆ ಸಾಕು. ಒಂದು ಟನ್ ಕಬ್ಬಿಣದಲ್ಲಿ ಪ್ರೋಟಾನ್, ನ್ಯೂಟ್ರಾನ್ ಕೂಡಿ ಆರರ ಮುಂದೆ 29 ಸೊನ್ನೆಯಷ್ಟು ಕಣಗಳಿವೆ. 140 ಟನ್ ಸೇರಿಸಿದರೆ, ಆಯಸ್ಸು 31 ಸೊನ್ನೆಯದಾದರೂ, ವರ್ಷಕ್ಕೆ ಎಂಟಾದರೂ ಸಾಯಬೇಕು. ನೂರು ವರ್ಷ ಬದುಕುವ ಜನರ ಊರಿನಲ್ಲೂ ವಾರಕ್ಕೊಂದು ತಿಥಿ ಊಟ ತಪ್ಪುವುದಿಲ್ಲವಲ್ಲ, ಹಾಗೆ.

ಕೋಲಾರದಲ್ಲಿ ಕಟ್ಟಿದ್ದು ಲೆಕ್ಕದ ಈ 140 ಟನ್ನನ್ನೇ. 10 ಸೆಂಟಿಮೀಟರ್ ಅಗಲದ ಚೌಕ ಕಬ್ಬಿಣದ ಕೊಳವೆಗಳು, ಸುಮಾರು 1,600. ಒಂದು ಪದರ ಉದ್ದಕ್ಕೆ, ಮೇಲಿನದು ಅಡ್ಡಕ್ಕೆ, ಸೌದೆ ಪೇರಿಸಿದ ಹಾಗೆ 34 ಪದರ, ನಡುವೆ ಕಬ್ಬಿಣದ ತಗಡು. ಕೊಳವೆಗಳೊಳಗೆ ಆರ್ಗಾನ್ ಮತ್ತು ಮೀಥೇನ್. ಎಲ್ಲೋ ಒಂದು ಪ್ರೋಟಾನ್ ಸತ್ತರೆ ಅದರ ಚೂರುಗಳು ಹಾಯುವ ಕೊಳವೆಗಳಲ್ಲಿ ವಿದ್ಯುತ್ತಿನ ಮಿಡಿತ. ಪ್ರೋಟಾನಿನ ಸಾವನ್ನೇ ಕಾಯಲೆಂದು ನೆಲದಡಿ ಕಟ್ಟಿದ ಯಂತ್ರಗಳಲ್ಲಿ ಮೊದಲು ಕೆಲಸಕ್ಕಿಳಿದದ್ದು ಇದು, 1980ರ ಕೊನೆಗೆ. ಮುಂದಾಳುಗಳು ಮತ್ತೆ ಮೆನನ್, ಶ್ರೀಕಂಠನ್, ನರಸಿಂಹಂ, ಮಿಯಾಕೆ. ಮುಂದಿನ ವರ್ಷವೇ ಕೆಲವು ಘಟನೆಗಳನ್ನು ಅವರು ಮುಂದಿಟ್ಟರು. ಗೆರೆಗಳು ಯಂತ್ರದ ಹೊಟ್ಟೆಯೊಳಗೇ ಹುಟ್ಟಿ ಅಲ್ಲೇ ಮುಗಿದಿದ್ದವು, ಪ್ರೋಟಾನ್ ಸತ್ತರೆ ಕಾಣಬೇಕಾದ ಹಾಗೆ. ಪ್ರಪಂಚದ ಕಣ್ಣು ಸ್ವಲ್ಪ ಕಾಲ ಊರಿಗಾಂ, ಮಾರಿಕುಪ್ಪಂ ಎಂಬ ಸ್ಟೇಷನ್‌ಗಳ ಕಡೆ ತಿರುಗಿತು.

ತಕರಾರು ತೆಗೆದದ್ದು ಹಳೆಯ ನೆಂಟ, ನ್ಯೂಟ್ರಿನೊ. 1965ರಲ್ಲಿ ಯಾರನ್ನು ಕಾಣಲು ಇಷ್ಟು ಪಾಡುಪಟ್ಟರೋ ಆ ಕಣವೇ ಯಂತ್ರದೊಳಗೆ ಡಿಕ್ಕಿ ಹೊಡೆದು ಪ್ರೋಟಾನಿನ ಸಾವನ್ನು ನಟಿಸಬಲ್ಲದು. ಮ್ಯೂಆನ್ ತಡೆಯಲು ಆಳ ಸಾಕು, ನ್ಯೂಟ್ರಿನೊ ತಡೆಯಲು ಯಾವ ಆಳವೂ ಸಾಲದು. ಇಲ್ಲಿಂದ ಮುಂದೆ ಬೇಕಾದದ್ದು ಆಳಕ್ಕಿಂತ ಗಾತ್ರ. ಅಮೆರಿಕದ ಓಹಾಯೊದಲ್ಲಿ ಉಪ್ಪಿನ ಗಣಿಯೊಂದರೊಳಗೆ 8,000 ಟನ್ ನೀರು ತುಂಬಿದರು. ಜಪಾನಿನ ಕಾಮಿಯೋಕ ಗಣಿಯಲ್ಲಿ 3,000 ಟನ್. ಆಳದಲ್ಲಿ ಎರಡೂ ಕೋಲಾರದ ಅರ್ಧಕ್ಕೂ ಬಾರವು. ಇಲ್ಲಿ ದಿನಕ್ಕೆ ಎರಡು ಮೂರು ಮ್ಯೂಆನ್ ಬಂದರೆ ಓಹಾಯೊದಲ್ಲಿ ಸೆಕೆಂಡಿಗೇ ಅಷ್ಟು. ಆದರೂ ಅಷ್ಟು ನೀರಿನ ಮುಂದೆ 140 ಟನ್ ಕಬ್ಬಿಣ ಯಾವ ಲೆಕ್ಕ? 1983ರ ಹೊತ್ತಿಗೆ ಓಹಾಯೊದ ಉತ್ತರ ಬಂತು: ಪ್ರೋಟಾನ್ ಸಾಯುತ್ತಿರುವ ಗುರುತಿಲ್ಲ. ಕೋಲಾರದವರು 260 ಟನ್ನಿನ ಇನ್ನೊಂದು ಯಂತ್ರ ಕಟ್ಟಿ ಕಾದರು. ಅವರ ಘಟನೆಗಳನ್ನು ಮಿಕ್ಕವರು ನ್ಯೂಟ್ರಿನೊ ಖಾತೆಗೆ ಬರೆದರು. ಇವತ್ತಿನ ಲೆಕ್ಕದಲ್ಲಿ ಪ್ರೋಟಾನಿನ ಆಯಸ್ಸು 34 ಸೊನ್ನೆಗೂ ಮಿಗಿಲು. ಸದ್ಯಕ್ಕೆ ಕಣಾದನ ಪಕ್ಷ ಸೋತಿಲ್ಲ.

ಸೋಜಿಗ ನೋಡಿ: ಎಲ್ಲರೂ ಕಸವೆಂದು ಗುಡಿಸುತ್ತಿದ್ದ ಆ ವಾತಾವರಣದ ನ್ಯೂಟ್ರಿನೊಗಳನ್ನೇ ಕಾಮಿಯೋಕದವರು ಕೂತು ಎಣಿಸಿದರು. ಇರಬೇಕಾದಷ್ಟು ಇರಲಿಲ್ಲ. 50,000 ಟನ್ ನೀರಿನ ಸೂಪರ್ ಕಾಮಿಯೋಕಾಂಡೆ ಕಟ್ಟಿ 1998ರಲ್ಲಿ ಕಾರಣ ಹೇಳಿದರು: ನ್ಯೂಟ್ರಿನೊ ದಾರಿಯಲ್ಲಿ ತನ್ನ ಬಗೆ ಬದಲಿಸುತ್ತದೆ, ಅಂದರೆ ಅದಕ್ಕೆ ತೂಕವಿದೆ. ತಕಾಕಿ ಕಜಿತಾ ಅವರಿಗೆ 2015ರ ನೊಬೆಲ್ ಬಂದದ್ದು ಇದಕ್ಕೆ. ಕೋಲಾರದಲ್ಲಿ ಮೊದಲು ಕಂಡ ಕಣದ ಬಹುಮಾನ ಇನ್ನೊಂದು ಗಣಿಗೆ ಹೋಯಿತು. ಆ ಗಣಿಯ ಕೈಯೂ ಚೊಕ್ಕಟವಲ್ಲ. ಅದರ ಕ್ಯಾಡ್ಮಿಯಂ ಹೊಳೆಗಿಳಿದು ಕೆಳಗಿನ ಊರುಗಳ ರೈತ ಹೆಂಗಸರ ಮೂಳೆ ಮುರಿದಿತ್ತು. ಕಾಯಿಲೆಗೆ ಜಪಾನೀಯರು ಇಟ್ಟ ಹೆಸರು ‘ಇತಾಯಿ ಇತಾಯಿ’, ನಮ್ಮ ಮಾತಿನಲ್ಲಿ ‘ಅಯ್ಯೋ ನೋವು’.

ಕೋಲಾರ ಹಿಂದೆ ಬೀಳಲು ಬುದ್ಧಿಯ ಕೊರತೆ ಕಾರಣವಲ್ಲ. ಇಲ್ಲಿ ವಿಜ್ಞಾನ ಬಾಡಿಗೆದಾರ. ಮನೆ ಚಿನ್ನದ್ದು. ಕೇಜು ಇಳಿಸುವುದು, ಗಾಳಿ ಊದುವುದು, ನೀರು ಎತ್ತುವುದು ಎಲ್ಲ ಚಿನ್ನದ ಖರ್ಚಿನಲ್ಲಿ. 1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ರಾಷ್ಟ್ರೀಕರಿಸಿತು, 1962ರಲ್ಲಿ ಅವು ಕೇಂದ್ರಕ್ಕೆ ಹೋದವು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಆಯಿತು. ಅದಿರಿನಲ್ಲಿ ಚಿನ್ನ ಕಮ್ಮಿಯಾಗುತ್ತ ಬಂದಂತೆ ಮನೆಯೊಡೆಯನಿಗೆ ಸಾಲ. ಬಾಡಿಗೆದಾರರು 1990ರ ದಶಕದ ಆರಂಭದಲ್ಲಿ ಜಾಗ ಖಾಲಿ ಮಾಡಿದರು. 2001ರ ಫೆಬ್ರವರಿ 28ರಂದು ಗಣಿಯೇ ಮುಚ್ಚಿತು. ಪಂಪು ನಿಂತಿತು, ಸುರಂಗಗಳಿಗೆ ನೀರು ಏರಿತು. ಸಾವಿರಾರು ಜನ ಬೆಳಗಿನ ರೈಲಿಗೆ ಬೆಂಗಳೂರಿಗೆ ಕೆಲಸಕ್ಕೆ ಹೋಗಿ ರಾತ್ರಿ ಮರಳುವ ಊರಾಯಿತು ಕೆಜಿಎಫ್. ಶ್ರೀಕಂಠನ್ ಟಾಟಾ ಸಂಸ್ಥೆಯ ನಿರ್ದೇಶಕರಾಗಿ ನಿವೃತ್ತರಾದ ಮೇಲೆ ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಗೆ ಬಂದು, ಪ್ರಜ್ಞೆ ಎಂದರೇನು ಎಂಬ ಇನ್ನೂ ತೊಡಕಿನ ಪ್ರಶ್ನೆಗೆ ಕೈಹಾಕಿದರು. 2019ರಲ್ಲಿ ತೀರಿಕೊಂಡರು.

ಬಾಡಿಗೆ ಸಾಕು, ಸ್ವಂತ ಮನೆ ಕಟ್ಟೋಣ ಎಂಬ ಯೋಚನೆಯೂ ಬಂತು. ತಮಿಳುನಾಡಿನ ತೇನಿ ಜಿಲ್ಲೆಯ ಬೆಟ್ಟದಲ್ಲಿ ನ್ಯೂಟ್ರಿನೊ ವೀಕ್ಷಣಾಲಯಕ್ಕೆ ಕೇಂದ್ರ ಸಂಪುಟ 2015ರ ಜನವರಿಯಲ್ಲಿ ಒಪ್ಪಿಗೆ ಕೊಟ್ಟಿತು. ಪಶ್ಚಿಮಘಟ್ಟದ ಕಾಡು, ನೀರಿನ ಬಗ್ಗೆ ಜನರ ಆತಂಕ, ಕೋರ್ಟು, ರಾಜ್ಯ ಸರ್ಕಾರದ ವಿರೋಧ ಎಲ್ಲದರ ನಡುವೆ ಕೆಲಸ ನಿಂತುಹೋಯಿತು. ಆತಂಕವೆಲ್ಲ ಮೂಢತನವೆಂದು ತಳ್ಳಿಹಾಕುವುದು ಸರಿಯಲ್ಲ. ಆದರೆ ತೋಡಿಟ್ಟ ಬೆಟ್ಟವೊಂದು ಕೋಲಾರದಲ್ಲಿ ಇತ್ತಲ್ಲ, ಅದನ್ನು ನೀರಿಗೆ ಬಿಟ್ಟು ಹೊಸ ಬೆಟ್ಟ ಹುಡುಕಬೇಕಾಯಿತಲ್ಲ ಎಂಬ ಸಂಕಟ ಉಳಿದೇ ಉಳಿಯುತ್ತದೆ.

ಬೇರೆ ದಾರಿ ಇತ್ತೇ ಎಂದು ಕೇಳುವವರು ಅಮೆರಿಕದ ಸೌತ್ ಡಕೋಟಾ ರಾಜ್ಯದ ಹೋಮ್‌ಸ್ಟೇಕ್ ಕಡೆ ನೋಡಬಹುದು. ಅದೂ ಹತ್ತೊಂಬತ್ತನೆಯ ಶತಮಾನದ ಚಿನ್ನದ ಗಣಿ, ಅದರ ಆಳವೂ ಎರಡು ಕಿಲೋಮೀಟರ್ ಮೀರಿದ್ದು, ಅಲ್ಲೂ 1960ರ ದಶಕದಲ್ಲಿ ರೇಮಂಡ್ ಡೇವಿಸ್ ಸೂರ್ಯನ ನ್ಯೂಟ್ರಿನೊ ಹಿಡಿಯಲು ಕೂತಿದ್ದರು. ಕೋಲಾರ ಮುಚ್ಚಿದ ಮರುವರ್ಷ ಅದೂ ಮುಚ್ಚಿತು. 2003ರಲ್ಲಿ ಪಂಪು ನಿಲ್ಲಿಸಿದರು, ನೀರು ಏರಿತು. ಇಲ್ಲಿಯವರೆಗೆ ಕತೆ ಒಂದೇ. ಆಮೇಲೆ ಗಣಿಯನ್ನು ರಾಜ್ಯ ಪಡೆದುಕೊಂಡಿತು, ಸ್ಯಾನ್‌ಫೋರ್ಡ್ ಎಂಬ ಸಿರಿವಂತರು 7 ಕೋಟಿ ಡಾಲರ್ ಕೊಟ್ಟರು, 2008ರಿಂದ ನೀರು ಎತ್ತತೊಡಗಿದರು. ಈಗ ಅಲ್ಲಿ ಹೊಸ ಯಂತ್ರಕ್ಕಾಗಿ ಭಾರಿ ಗುಹೆಗಳನ್ನು ಕೊರೆದಿದ್ದಾರೆ. ಆ ಯಂತ್ರ ಕಾಯಲಿರುವುದರಲ್ಲಿ ಪ್ರೋಟಾನಿನ ಸಾವೂ ಒಂದು. ಚಾಂಪಿಯನ್ ರೀಫ್‌ನ ಸುರಂಗಗಳಲ್ಲಿ ನೀರು ನಿಂತೇ ಇದೆ.